ಪ್ರತ್ಯೇಕ ರಾಜ್ಯ, ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ

ಕಲಬುರಗಿಯಲ್ಲಿ ನವೆಂಬರ್ 1ರಂದು ಕಲ್ಯಾಣ ಕರ್ನಾಟಕವೆಂಬ ಪ್ರತ್ಯೇಕ ರಾಜ್ಯ ಸ್ಥಾಪಿಸುವವರು ಸಾಮಾನನ್ನು ಹಿಂದಿನ ವಾರವೇ ಹೊಂದಿಸಿಕೊಳ್ಳಬೇಕು. ಧ್ವಜ ಎರಡು ಬೇಕು. ಕೋಲಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿದದ್ದನ್ನು ಪೊಲೀಸರು ಮೊದಲ ನಿಮಿಷದಲ್ಲೇ ಕಸಿದುಕೊಳ್ಳುತ್ತಾರೆ. ಅಂಗಿಯೊಳಗೆ ಮಡಚಿಟ್ಟದ್ದೇ ಮರುದಿನ ಪೇಪರಿನಲ್ಲಿ ಬರುವುದು. ಬಟ್ಟೆ ಎರಡಡಿಗೆ ಮೂರಡಿ ಸಾಕು. ಅದಕ್ಕಿಂತ ದೊಡ್ಡದಾದರೆ ಮಡಿಕೆ ಬಿಚ್ಚುವಷ್ಟರಲ್ಲಿ ವ್ಯಾನ್ ಹತ್ತಿಸಿರುತ್ತಾರೆ. ಕೋಲು ಬಿದಿರಿನದೇ ಇರಲಿ, ಕಬ್ಬಿಣದ ಪೈಪ್ ಹಿಡಿದರೆ ಕೇಸಿನ ಕಲಂ ಬೇರೆಯಾಗುತ್ತದೆ. ಜನ ಹದಿನೈದರಿಂದ ಇಪ್ಪತ್ತು. ಹತ್ತರೊಳಗಾದರೆ ಸುದ್ದಿಯಾಗದು, ಮೂವತ್ತು ದಾಟಿದರೆ ಎರಡನೇ ವ್ಯಾನ್ ಬರುವ ತನಕ ಉಳಿದವರು ಬಿಸಿಲಿಗೆ ನಿಂತು, ಒಬ್ಬೊಬ್ಬರೇ ಚಹಾದಂಗಡಿಗೆ ಜಾರಿ, ಚಳವಳಿಯಲ್ಲಿ ಒಡಕು ಮೂಡಿತೆಂದು ವರದಿಯಾಗುತ್ತದೆ.

ಹೊತ್ತು ಹತ್ತು ಗಂಟೆ. ಪರೇಡ್ ಮೈದಾನದಲ್ಲಿ ಸಚಿವರ ರಾಜ್ಯೋತ್ಸವ ಭಾಷಣ ಮುಗಿದಿರಬೇಕು, ಕ್ಯಾಮೆರಾದವರು ಅಲ್ಲಿಂದ ಬಿಟ್ಟಿರಬೇಕು. ಅವಸರ ಮಾಡಿದರೆ ರಾಜ್ಯ ಹುಟ್ಟಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಇದು ಪೊಲೀಸರಿಗೂ ತಿಳಿದ ವಿಷಯ.

"ಕಾಕಾ, ಹತ್ರಿ ಇನ್ನ."

"ತಡಿಯೋ ತಮ್ಮಾ, ಟಿವಿಯವ್ರು ಬಂದಿಲ್ಲ."

ಜಾಗ ಮಾತ್ರ ಬದಲಾಗುವಂತಿಲ್ಲ: ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತ. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಹಿಡಿದು ಒಂದು ಮಾಡಿದ ಮನುಷ್ಯನ ಕಾಲಬುಡದಲ್ಲೇ ನಿಂತು 'ನಮ್ಮನ್ನು ಬೇರೆ ಮಾಡಿ' ಎನ್ನುವ ಧೈರ್ಯ ಬೇರೆ ಊರಿಗೆ ಬಂದೀತೆ? ನಿಜಾಮನ ಆಳಿಕೆ ಮುಗಿದ ದಿನವೆಂದು ಸೆಪ್ಟೆಂಬರ್ 17ಕ್ಕೆ ಇದೇ ಪ್ರತಿಮೆಗೆ ಮುಖ್ಯಮಂತ್ರಿ ಬಂದು ಹಾರ ಹಾಕುತ್ತಾರೆ. ಅಕ್ಟೋಬರ್ 31 ಪಟೇಲರ ಹುಟ್ಟುಹಬ್ಬ. ಏಕತಾ ದಿನವೆಂದು ಮತ್ತೊಂದು ಹಾರ, ಜತೆಗೆ ಪ್ರತಿಜ್ಞೆ. ಆ ಚೆಂಡು ಹೂವು ಬಾಡುವ ಮೊದಲೇ, ಮರುದಿನವೇ, ಪ್ರತ್ಯೇಕತೆ ಬಂದು ನಿಲ್ಲುತ್ತದೆ. ವ್ಯಾನ್ ಹತ್ತಿದವರಿಗೆ ಚಿಂತೆಯಿಲ್ಲ. ಮುಂಜಾಗ್ರತೆಯ ಬಂಧನಕ್ಕೆ ಈಗ ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ ಕಲಂ 170, ಇಪ್ಪತ್ತನಾಲ್ಕು ತಾಸಿನ ಮೇಲೆ ಇಟ್ಟುಕೊಳ್ಳುವಂತಿಲ್ಲ. ಸಂಜೆ ಹೆಸರು, ವಿಳಾಸ ಬರೆಸಿ ಮನೆಗೆ. ವಿಳಾಸದ ಕೊನೆಗೆ 'ಕರ್ನಾಟಕ' ಎಂದು ಬರೆಸುವಾಗ ಈ ತನಕ ಯಾರೂ ತಕರಾರು ತೆಗೆದ ಸುದ್ದಿಯಿಲ್ಲ.

ಇನ್ನು ಮನವಿಪತ್ರ. ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ. ಒಂದು ಹೊಸ ತಾಲೂಕು ಮಾಡುವ ಅಧಿಕಾರವೂ ಇಲ್ಲದ ಕುರ್ಚಿಗೆ ಹೊಸ ರಾಜ್ಯ ಮಾಡಿಕೊಡಿ ಎಂದು ಕೇಳುವುದರಲ್ಲಿ ಒಂದು ಅನುಕೂಲವಿದೆ, ಕೆಲಸ ಆಗಿಬಿಡುತ್ತದೆಂಬ ಹೆದರಿಕೆ ಇಲ್ಲ. ನಿಜವಾದ ದಾರಿ ಸಂವಿಧಾನದ 3ನೇ ವಿಧಿಯಲ್ಲಿದೆ, ಅದೂ ನಮ್ಮವರು ತಿಳಿದಷ್ಟು ಕಷ್ಟದ್ದಲ್ಲ. ರಾಷ್ಟ್ರಪತಿಯ ಶಿಫಾರಸಿನ ಮೇಲೆ ಸಂಸತ್ತಿನಲ್ಲಿ ಮಸೂದೆ; ಅದಕ್ಕೆ ಮೊದಲು ರಾಜ್ಯದ ವಿಧಾನಮಂಡಲಕ್ಕೆ ಅಭಿಪ್ರಾಯ ಕೇಳಿ ಕಳಿಸಬೇಕು, ಗಡುವು ಕೊಡಬೇಕು. ಅಭಿಪ್ರಾಯ ಬಂತೋ ಸರಿ, ಬರದಿದ್ದರೂ ಸರಿ, ಬೇಡವೆಂದು ಬಂದರೂ ಸಂಸತ್ತು ಕೇಳಬೇಕೆಂದಿಲ್ಲ. ಸಾಮಾನ್ಯ ಬಹುಮತ ಸಾಕು. 4ನೇ ವಿಧಿಯ ಪ್ರಕಾರ ಇದು ಸಂವಿಧಾನ ತಿದ್ದುಪಡಿಯೇ ಅಲ್ಲ. ಪಕ್ಕದ ಮನೆಯಲ್ಲೇ ನಡೆದದ್ದು: 2014ರ ಜನವರಿ ಕೊನೆಗೆ ಆಂಧ್ರದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತು, ಫೆಬ್ರುವರಿಯಲ್ಲಿ ಸಂಸತ್ತು ಪಾಸು ಮಾಡಿತು, ಜೂನ್ 2ಕ್ಕೆ ತೆಲಂಗಾಣ ಆಯಿತು. ಅಂದರೆ ಮನವಿಯ ಮೇಲೆ ದೆಹಲಿಯ ವಿಳಾಸ ಬರೆದು ಅಂಚೆಚೀಟಿ ಹಚ್ಚಬೇಕಿತ್ತು. ಆದರೆ ಅಂಚೆಪೆಟ್ಟಿಗೆಯ ಜತೆ ನಿಂತು ಫೋಟೊ ತೆಗೆಸಿಕೊಳ್ಳುವುದು ಹೇಗೆ?

ಈ ಚಳವಳಿಯನ್ನು ಭಾವನೆಯಿಂದ ಅಳೆಯುವವರಿಗೆ ಏನೂ ತಿಳಿಯುವುದಿಲ್ಲ. ಲೆಕ್ಕ ಹಾಕಬೇಕು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶಾಸಕರು 41. ರಾಜ್ಯದ ವಿಧಾನಸಭೆ 224ರದ್ದು, ಸಚಿವರು ನೂರಕ್ಕೆ ಹದಿನೈದರಂತೆ ಮುಖ್ಯಮಂತ್ರಿ ಸೇರಿ 34. ನಮ್ಮ ಪಾಲಿಗೆ ಹಂಚಿದರೆ ಆರು ಕುರ್ಚಿ, ಮನಸ್ಸು ದೊಡ್ಡದಾದರೆ ಏಳೆಂಟು. ಬೇರೆ ರಾಜ್ಯವಾದರೆ? ವಿಧಾನಸಭೆ ಎಷ್ಟೇ ಸಣ್ಣದಿರಲಿ, ಹನ್ನೆರಡು ಸಚಿವರಿಗೆ ಸಂವಿಧಾನವೇ ಜಾಗ ಬಿಟ್ಟಿದೆ. ಮೇಲಾಗಿ 170ನೇ ವಿಧಿಯಂತೆ ವಿಧಾನಸಭೆಗೆ ಕನಿಷ್ಠ 60 ಸ್ಥಾನ ಬೇಕು. ಗೋವಾದಂತೆ ವಿನಾಯಿತಿ ಕೇಳುವಷ್ಟು ದಡ್ಡರು ನಮ್ಮಲ್ಲಿಲ್ಲ. ಹೊಸದಾಗಿ 19 ಶಾಸಕರು, ಒಬ್ಬ ಸ್ಪೀಕರ್, ಒಬ್ಬ ಉಪ ಸ್ಪೀಕರ್, ನಿಗಮ ಮಂಡಳಿಗಳು ಬೇರೆ. ಸಂಪುಟ ವಿಸ್ತರಣೆಯ ಪಟ್ಟಿ ಹೊರಬಿದ್ದ ವಾರವೇ ಈ ಭಾಗಕ್ಕಾದ ಅನ್ಯಾಯ ಕೆಲವರ ಎದೆಯಲ್ಲಿ ಯಾಕೆ ಉಕ್ಕುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸುಲಭದ ಉತ್ತರ ಬೇಡ.

ಆದರೂ ಆಗುವುದಿಲ್ಲ. ಯಾಕೆಂದರೆ ರಾಜಧಾನಿ. ಕಲಬುರಗಿ ಎಂದರೆ ರಾಯಚೂರಿನವರು ಏಳುತ್ತಾರೆ. ಐಐಟಿ ಧಾರವಾಡಕ್ಕೆ ಹೋದದ್ದನ್ನು ಅವರು ಮರೆತಿಲ್ಲ, ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಅವರು. ಬಸವಕಲ್ಯಾಣ ಎಂದರೆ ಚರಿತ್ರೆ ಒಪ್ಪುತ್ತದೆ, ಬಳ್ಳಾರಿ ಒಪ್ಪುವುದಿಲ್ಲ. ಬಳ್ಳಾರಿಯದೇ ಒಂದು ಕಥೆ. ನಿಜಾಮ 1800ರಲ್ಲೇ ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. ಅದಕ್ಕೆ ಸ್ವಾತಂತ್ರ್ಯ ಬಂದದ್ದು ಎಲ್ಲರ ಜತೆ 1947ರ ಆಗಸ್ಟ್ 15ಕ್ಕೆ, ಮೈಸೂರಿಗೆ ಸೇರಿದ್ದು 1953ರಲ್ಲಿ. ಆದರೆ ಈ ಭಾಗಕ್ಕೆ ವಿಶೇಷ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗ ಹೈದರಾಬಾದ್ ಕರ್ನಾಟಕದ (ಕಲ್ಯಾಣ ಕರ್ನಾಟಕದ ಹಳೆಯ ಹೆಸರು) ಪಟ್ಟಿಯಲ್ಲಿ ಅದೂ ಇತ್ತು, ಆ ಸೌಲಭ್ಯದ ಆಸೆಗೆ ಹರಪನಹಳ್ಳಿ ದಾವಣಗೆರೆ ಬಿಟ್ಟು ಬಳ್ಳಾರಿಗೆ ವಾಪಸು ಬಂತು. ನಿಜಾಮನ ಆಳಿಕೆಯ ಗಾಯಕ್ಕೆ ಮುಲಾಮು ಹಂಚುವಾಗ ಗಾಯವಾಗದವರೂ ಸಾಲಿನಲ್ಲಿ ನಿಂತರೆ ಬೇಡ ಎನ್ನಲಾದೀತೇ?

ನೀರಿನ ಮಾತನ್ನು ಪ್ರತ್ಯೇಕವಾದಿಗಳು ಎತ್ತುವುದೇ ಇಲ್ಲ, ಎತ್ತಿದರೆ ಭಾಷಣ ಅಲ್ಲಿಗೇ ನಿಲ್ಲುತ್ತದೆ. ನಾರಾಯಣಪುರದ ಬಸವಸಾಗರ ಯಾದಗಿರಿಯಲ್ಲಿದೆ, ಕಾಲುವೆಗಳೂ ಈ ಕಡೆಗೇ. ಅದಕ್ಕೆ ನೀರು ಬಿಡುವ ಆಲಮಟ್ಟಿ ವಿಜಯಪುರ ಜಿಲ್ಲೆಯದು, ಹೊಸ ರಾಜ್ಯದ ಗಡಿಯಾಚೆ. ಭೀಮೆಯ ಉಜನಿ ಮೊದಲೇ ಮಹಾರಾಷ್ಟ್ರದಲ್ಲಿದೆ. ರಾಜ್ಯ ಹುಟ್ಟಿದ ಮರುದಿನವೇ 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಡಿ ನಮ್ಮದೇ ಕನ್ನಡದವರ ಮೇಲೆ ಅರ್ಜಿ ಹಾಕಬೇಕು. ಅರ್ಜಿ ಕನ್ನಡದಲ್ಲಿ, ಆಕ್ಷೇಪಣೆ ಕನ್ನಡದಲ್ಲಿ, ಭತ್ತದ ಗದ್ದೆ ಒಣಗುವುದೂ ಕನ್ನಡದಲ್ಲೇ.

ಹಾಗಾದರೆ ಅಖಂಡವಾದಿಗಳು ಗೆದ್ದರೇ? ಅವರ ಸಾಮಾನು ಇನ್ನೂ ಕಡಿಮೆ. ಹಳದಿ-ಕೆಂಪು ಶಾಲು, ಮಳಖೇಡದ ರಾಷ್ಟ್ರಕೂಟರು, ಬಸವಣ್ಣ, ಇಷ್ಟಿದ್ದರೆ ಮೂರು ತಾಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯೇ ವೀರೇಂದ್ರ ಪಾಟೀಲ, ಧರ್ಮಸಿಂಗ್ ಇಬ್ಬರನ್ನೂ ಮುಖ್ಯಮಂತ್ರಿ ಮಾಡಿ ಕಳಿಸಿದೆಯಲ್ಲ ಎಂದು ಕೇಳುತ್ತಾರೆ, ನಿಜವೇ. 2002ರಲ್ಲಿ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ ಎಣಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು ಎಂದೊಡನೆ ವೇದಿಕೆಯ ಮೇಲೆ ನಿರೂಪಕ ಮುಂದಿನ ಹಾಡಿಗೆ ಹೋಗುತ್ತಾನೆ. ಕೆಮ್ಮು ಹೆಚ್ಚಾದರೆ ಸೊಲ್ಲಾಪುರ, ಅಲ್ಲಿಗೂ ಬಗ್ಗದಿದ್ದರೆ ಹೈದರಾಬಾದ್ ಎಂದು ಓಡುವ ಜನಕ್ಕೆ ಅಖಂಡತೆಯನ್ನು ಅರ್ಥ ಮಾಡಿಸುವುದು ಸ್ವಲ್ಪ ಕಷ್ಟದ ಕೆಲಸ, ಒಪ್ಪೋಣ.

ಎರಡೂ ಕಡೆಯವರು ಕೂಗಿ ಗಂಟಲು ಒಣಗಿಸಿಕೊಳ್ಳುವ ಹೊತ್ತಿಗೆ ಸಹಾಯಕ ಆಯುಕ್ತರ ಕಚೇರಿಯಲ್ಲಿ 371ಜೆ ಪ್ರಮಾಣಪತ್ರದ ಕಿಟಕಿ ತೆರೆದಿರುತ್ತದೆ. ಈ ಇಡೀ ಗಲಾಟೆಯಲ್ಲಿ ಕೈಗೆ ಸಿಕ್ಕ ಒಂದೇ ಒಂದು ವಸ್ತು ಅದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯ ಫಲ: ಇಲ್ಲಿನ ಹುದ್ದೆಗಳಲ್ಲಿ ಇಲ್ಲಿಯವರಿಗೇ ಮೀಸಲು ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ 80, ಡಿ ಗುಂಪಿಗೆ 85, ರಾಜ್ಯಮಟ್ಟದಲ್ಲಿ ಶೇ 8. ಕಿಟಕಿಯಲ್ಲಿ ಶಹಾಪುರದ ಹುಡುಗಿ ನಿಂತಿದ್ದಾಳೆ. ಅವಳ ಅಪ್ಪನ ಟಿಸಿಯಲ್ಲಿ ಜಿಲ್ಲೆ ಗುಲಬರ್ಗಾ, ಆಧಾರ್‌ನಲ್ಲಿ ಯಾದಗಿರಿ. ಊರು ಕದಲಿಲ್ಲ, ಜಿಲ್ಲೆ ಕದಲಿದೆ.

"ಎರಡರಾಗ ಯಾವ್ದು ಖರೇ ಅದವ್ವಾ?"

"ಎರಡೂ ಖರೇ ಅವ ರೀ ಸರ್."

"ಹಂಗಾದ್ರ ಒಂದು ಅಫಿಡವಿಟ್ ಮಾಡಿಸ್ಕೊಂಡ್ ಬಾ."

ಪತ್ರ ಬಂದ ಮೇಲೆ ಹುದ್ದೆ ತುಂಬುವ ಅಧಿಸೂಚನೆ ಬರಬೇಕು, ಅದಕ್ಕೆ ಆರ್ಥಿಕ ಇಲಾಖೆ ಒಪ್ಪಬೇಕು, ಮೀಸಲಾತಿಯ ಸರದಿಪಟ್ಟಿ (ರೋಸ್ಟರ್) ಸರಿಯಾಗಬೇಕು. ಖಾಲಿ ಹುದ್ದೆಯಲ್ಲಿ ಶೇ 85 ಎಂದರೆ ಲೆಕ್ಕದ ಮೇಷ್ಟ್ರು ಎಷ್ಟು ಎಂದಾರು? ಪ್ರದೇಶಾಭಿವೃದ್ಧಿ ಮಂಡಳಿಗೆ ₹5,000 ಕೋಟಿ ಘೋಷಣೆಯಾದಾಗ ಚಪ್ಪಾಳೆ ತಟ್ಟಿದವರಲ್ಲಿ ಮಾರ್ಚ್ ಕೊನೆಗೆ ಖರ್ಚಾದದ್ದೆಷ್ಟು ಎಂದು ಕೇಳಲು ಹೋದವರು ಕಡಿಮೆ. ಅಲ್ಲಿಗೆ ಕ್ಯಾಮೆರಾ ಬರುವುದಿಲ್ಲ ನೋಡಿ.

ಪ್ರತ್ಯೇಕತೆ ಎಂದರೇನು ಎನ್ನುವುದನ್ನು ಈ ನೆಲ ಒಮ್ಮೆ ಹದಿಮೂರು ತಿಂಗಳು ನೋಡಿದೆ. ರಾಜ್ಯವಲ್ಲ, ದೇಶವೇ. ಹೈದರಾಬಾದಿನ ನಿಜಾಮರಿಗೆ ಸ್ವಂತ ಟಂಕಸಾಲೆ, ಸ್ವಂತ ಅಂಚೆಚೀಟಿ, ಸ್ವಂತ ರೈಲು. ಅವರ ಏಳು ರೂಪಾಯಿ ಕೊಟ್ಟರೆ ಭಾರತದ ಆರು. ವಿಶ್ವಸಂಸ್ಥೆಗೂ ದೂರು ಹೋಯಿತು. ಬೀದರ್ ಜಿಲ್ಲೆಯ ಗೋರಟಾದಂಥ ಊರುಗಳು ಆ ಹಟಕ್ಕೆ ಪ್ರಾಣ ತೆತ್ತವು, ಅದು ನಗುವ ವಿಷಯವಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ಎಲ್ಲ ಮುಗಿಯಿತು. ಸ್ವತಂತ್ರ ದೇಶ ಬೇಕೆಂದ ದೊರೆ 1950ರಲ್ಲಿ ಅದೇ ಒಕ್ಕೂಟದಲ್ಲಿ, ರಾಜ್ಯಪಾಲರಂಥ ಹುದ್ದೆಯಾದ ರಾಜಪ್ರಮುಖರಾಗಿ ಆರು ವರ್ಷ ಕೂತರು. ಬೇರೆಯಾಗುತ್ತೇನೆಂದು ಹೆದರಿಸಿ ಒಳಗೇ ಒಂದು ಕುರ್ಚಿ ಹಿಡಿಯುವ ವಿದ್ಯೆಯಲ್ಲಿ ಈ ಭಾಗದ ಮೊದಲ ಪದವೀಧರರು ಅವರೇ.

ಸ್ಕಾಟ್ಲೆಂಡಿನವರನ್ನು ನೋಡಿ ಕಲಿಯಬೇಕೆಂದು ಓದಿದವರು ಹೇಳುತ್ತಾರೆ. ಅಲ್ಲಿ 2014ರ ಸೆಪ್ಟೆಂಬರ್ 18ರಂದು ಒಂದೇ ಪ್ರಶ್ನೆ, ಬೇರೆ ದೇಶವಾಗಬೇಕೆ: ಹೌದು ಅಥವಾ ಇಲ್ಲ. ನೂರಕ್ಕೆ 84 ದಾಟಿ ಮತ ಬಿತ್ತು, ಬಿದ್ದ ಮತದಲ್ಲಿ ನೂರಕ್ಕೆ 55 ಮಂದಿ ಬೇಡವೆಂದರು, ಯಾವ ದುಡ್ಡು ಬಳಸುವುದು ಎನ್ನುವ ತನಕ ಜಗಳಾಡಿದ್ದರು. ಕಲಬುರಗಿಯಲ್ಲಿ ಆ ಚೀಟಿ ಹಂಚಿದರೆ ಮೂರನೇ ಖಾನೆ ಮುದ್ರಿಸಬೇಕಾಗುತ್ತದೆ: 'ನೋಡಾಮು ತಡಿ'. ಗೆಲ್ಲುವುದು ಅದೇ.

ನೋಡಿದರೆ ರೈಲ್ವೆಯವರು ಯಾರನ್ನೂ ಕೇಳದೆ ನಮ್ಮನ್ನು ಎಂದೋ ಒಡೆದು ಹಂಚಿದ್ದಾರೆ. ಕಲಬುರಗಿ ಸೊಲ್ಲಾಪುರ ವಿಭಾಗಕ್ಕೆ, ಬೀದರ್ ಸಿಕಂದರಾಬಾದಿಗೆ, ಯಾದಗಿರಿ ಬಹುಕಾಲ ಗುಂತಕಲ್ಲಿಗೆ. ಕಲಬುರಗಿಗೇ ಒಂದು ವಿಭಾಗ ಎಂದು 2014ರಲ್ಲಿ ಘೋಷಣೆಯಾದದ್ದು ಘೋಷಣೆಯಾಗಿಯೇ ಇದೆ. ಇದನ್ನು ಅಖಂಡವಾದಿಗೆ ಕೇಳಿದರೆ "ಅದು ಕೇಂದ್ರದ ವಿಷಯ ಅದ ರೀ" ಎನ್ನುತ್ತಾರೆ. ಪ್ರತ್ಯೇಕವಾದಿಗೆ ಕೇಳಿದರೆ "ಮೊದಲ ರಾಜ್ಯ ಆಗ್ಲಿ, ವಿಭಾಗ ತಾನೇ ಬರ್ತದ" ಎನ್ನುತ್ತಾರೆ. ಆಮೇಲೆ ಇಬ್ಬರೂ ಫೋನ್ ತೆಗೆದು, ಸೊಲ್ಲಾಪುರದ ಗಾಡಿ ಎಷ್ಟು ಲೇಟ್ ಅದ ಎಂದು ನೋಡುತ್ತಾರೆ.