ನೆಲ ಕಚ್ಚಿದ ಕಾರ್ಪೆಟ್ಟು

ನಮ್ಮ ಮನೆಯಲ್ಲಿ ಈಗ ಐದು ಬಗೆಯ ನೆಲ ಉಂಟು. ಅಂಗಳದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಟೈಲ್ಸ್ ಅಂಗಡಿಯ ಸ್ಯಾಂಪಲ್‌ಗಳ ಮೇಲೆ ನಡೆದ ಹಾಗಾಗುತ್ತದೆ. ಬಂದವರು "ಇದೆಲ್ಲ ಡಿಸೈನಾ?" ಅಂತ ಕೇಳುತ್ತಾರೆ. ಡಿಸೈನೂ ಇಲ್ಲ, ಎಂಥದೂ ಇಲ್ಲ. ನಾಲ್ಕು ನಾನು ಆರಿಸಿದ್ದು, ಒಂದು ಅಮ್ಮ ಉಳಿಸಿಕೊಂಡದ್ದು.

ಮೊದಲು ಇಡೀ ಮನೆಗೆ ಒಂದೇ ನೆಲ ಇತ್ತು. ರೆಡ್ ಆಕ್ಸೈಡಿನದ್ದು. ಉಡುಪಿ ಕಡೆಯ ಹಳೆ ಮನೆಗಳಲ್ಲಿ ನೋಡಿರುತ್ತೀರಿ. ಸಿಮೆಂಟಿಗೆ ಕೆಂಪು ಪುಡಿ ಕಲಸಿ, ಹಸಿ ಇರುವಾಗಲೇ ಮೇಸ್ತ್ರಿ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸುತ್ತಿದ್ದ ನೆಲ. ಒಂದು ಕೋಣೆ ಶುರು ಮಾಡಿದರೆ ಮುಗಿಸಿಯೇ ಏಳಬೇಕು, ನಡುವೆ ಬಿಟ್ಟರೆ ಗೆರೆ ಬೀಳುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಕಾಲು ತಾಗಿ ತಾಗಿ ವರ್ಷ ಹೋದಷ್ಟೂ ನಯವಾಗುತ್ತದೆ. ನಮ್ಮದೂ ನಯವಾಗಿತ್ತು, ಆದರೆ ಬಿರುಕು ಬಿಟ್ಟಿತ್ತು. ಚಾವಡಿಯ ನಡುವಿನ ಬಿರುಕು ನೋಡಿದರೆ ಥೇಟ್ ಕರಾವಳಿಯ ನಕ್ಷೆ. ಕಾರವಾರದಲ್ಲಿ ಶುರುವಾಗಿ ಉಳ್ಳಾಲದಲ್ಲಿ ಮುಗಿಯುತ್ತಿತ್ತು. ಕುಂದಾಪುರದ ಆಸುಪಾಸಿನಲ್ಲಿ ಇರುವೆಗಳ ಸಂಸಾರ.

"ತೆಗೆಸಿ ಟೈಲ್ಸ್ ಹಾಕಿಸುವ" ಅಂದೆ.

"ನೆಲ ನಿನಗೆ ಎಂಥ ಮಾಡಿತು?" ಅಂದರು ಅಮ್ಮ. ಕೊನೆಗೆ, ತಮ್ಮ ಕೋಣೆ ಮುಟ್ಟಬಾರದು ಅಂತ ಷರತ್ತು ಹಾಕಿ ಒಪ್ಪಿದರು.

ನಾನೂ ಹೆಂಡತಿಯೂ ಮಂಗಳೂರಿಗೆ ಹೋದೆವು. ಒಂದು ಕಾಲದಲ್ಲಿ ಟೈಲ್ಸ್ ಅಂದರೆ ನಮ್ಮೂರಲ್ಲಿ ತಲೆ ಮೇಲಿನ ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿ, ಹೊಳೆಬದಿಯ ಜೇಡಿಮಣ್ಣನ್ನು ಸುಟ್ಟು, ಮಂಗಳೂರು ಹಂಚನ್ನು ಹಡಗು ಹತ್ತಿಸಿ ಊರೂರಿಗೆ ಕಳಿಸಿದರು. ಅಂಥ ಊರಿನಲ್ಲಿ ನಿಂತು ನಾನು ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದ ಟೈಲ್ಸಿಗೆ ರೇಟು ಕೇಳುತ್ತಿದ್ದೆ.

ಅಂಗಡಿಯ ಹುಡುಗ ಒಂದೇ ಉಸಿರಿಗೆ ಹೇಳಿದ. ಸೆರಾಮಿಕ್, ವಿಟ್ರಿಫೈಡ್, ಡಬಲ್ ಚಾರ್ಜ್, ಜಿವಿಟಿ, ಮ್ಯಾಟ್, ಗ್ಲಾಸಿ. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಮನೆಗೆ ಬಂದ ಮೇಲೆ ಮೇಸ್ತ್ರಿ ಬಿಡಿಸಿ ಹೇಳಿದ್ದು ಹೀಗೆ: ಸೆರಾಮಿಕ್ ಅಂದರೆ ಸುಟ್ಟ ಮಣ್ಣಿನ ಮೇಲೆ ಹೊಳಪಿನ ಲೇಪ, ಅದು ಗೋಡೆಗೆ ಸಾಕು. ವಿಟ್ರಿಫೈಡ್ ಅಂದರೆ ಜಾಸ್ತಿ ಶಾಖಕ್ಕೆ ಗಾಜಿನ ಹಾಗೆ ಗಟ್ಟಿಯಾದದ್ದು, ಅರ್ಧ ಪರ್ಸೆಂಟ್ ನೀರನ್ನೂ ಹೀರುವುದಿಲ್ಲ. ಡಬಲ್ ಚಾರ್ಜ್‌ನಲ್ಲಿ ಮೇಲಿನ ಬಣ್ಣದ ಪದರವೇ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ, ಸವೆದರೂ ಗೊತ್ತಾಗುವುದಿಲ್ಲ. ಜಿವಿಟಿಯಲ್ಲಿ ಮೇಲೆ ಬರೀ ಚಿತ್ರ. ಹೆಂಡತಿಗೆ ಮಾರ್ಬಲ್ ಮೇಲೆ ಕಣ್ಣಿತ್ತು. "ಅಕ್ಕ, ಮಾರ್ಬಲಿಗೂ ಹುಳಿಗೂ ಆಗಿಬರುವುದಿಲ್ಲ. ಲಿಂಬೆ ರಸ ಬಿದ್ದರೆ ಬೆಳ್ಳಗೆ ಕಲೆ" ಅಂದ. ನಮ್ಮದು ಸಾರು, ಗೊಜ್ಜು, ಮೆಣಸ್ಕಾಯಿಯ ಮನೆ. ಮಾರ್ಬಲ್ ಅಲ್ಲಿಗೇ ಮುಗಿಯಿತು.

ಚಾವಡಿಗೆ ಗ್ಲಾಸಿ ವಿಟ್ರಿಫೈಡ್ ಹಾಕಿಸಿದೆವು. "ಮುಖ ಕಾಣ್ತದೆ ಸಾರ್" ಅಂತ ಅಂಗಡಿಯ ಹುಡುಗ ಹೇಳಿದ್ದ. ಕಂಡಿತು. ಜೂನ್ ಎರಡನೇ ವಾರ ನನ್ನ ಮುಖ ಬಹಳ ಹತ್ತಿರದಿಂದ ಕಂಡಿತು.

ಮಳೆ ಹಿಡಿದಾಗ ಇಲ್ಲಿ ನೆಲ ಬೆವರುತ್ತದೆ. ಗಾಳಿಯ ಪಸೆ ತಣ್ಣಗಿನ ಟೈಲ್ಸ್ ಮೇಲೆ ಹನಿಯಾಗಿ ಕೂರುತ್ತದೆ. ಹೀರಿಕೊಳ್ಳಲು ಅದೇನು ಮಣ್ಣಿನ ನೆಲವಾ? ನೆಂಟರೊಬ್ಬರಿಗೆ ಚಾ ಹಿಡಿದುಕೊಂಡು ಬರುತ್ತಿದ್ದೆ. ಎಡಗಾಲು ಪಡುಬಿದ್ರಿ ಕಡೆ ಹೋಯಿತು, ಬಲಗಾಲು ಬ್ರಹ್ಮಾವರ ಕಡೆ. ಚಾ ನೆಂಟರ ಪಂಚೆಗೆ. ಅವರು ದೊಡ್ಡ ಮನಸ್ಸಿನವರು, "ಸಕ್ಕರೆ ಕಮ್ಮಿ ಉಂಟು" ಅಂದರು ಅಷ್ಟೆ.

ಮಲಗುವ ಕೋಣೆಗೆ ಹಾಕಿಸಿದ್ದು ಲ್ಯಾಮಿನೇಟ್. ನೋಡಲು ಮರ. ಒಳಗೆ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ, ಮೇಲೆ ಮರದ ಫೋಟೋ. ಗೋಡೆಯ ಪಕ್ಕ ಸುತ್ತಲೂ ಎಂಟು ಹತ್ತು ಮಿಲಿಮೀಟರ್ ಜಾಗ ಬಿಡಬೇಕು, ಪಸೆಗೆ ಹಿಗ್ಗುತ್ತದೆ ಅಂತ ಕೆಲಸದವನು ಹೇಳಿದ್ದ. "ಸಂದು ಕಾಣಬಾರದು, ಟೈಟಾಗಿ ಕೂರಿಸು" ಅಂದವನು ನಾನೇ. ಜುಲೈಯಲ್ಲಿ ಅದು ಹಿಗ್ಗಿತು. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಪಾಪ ಎಲ್ಲಿಗೆ ಹೋದೀತು? ಬಾಗಿಲ ಬುಡದಲ್ಲೇ ಮೇಲಕ್ಕೆದ್ದಿತು. ಬೆಳಿಗ್ಗೆ ಎದ್ದು ನೋಡಿದರೆ ಒಳಕ್ಕೆ ತೆರೆಯುವ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ಬರಲಿಲ್ಲ. ಆಚಾರಿ ಬಂದದ್ದು ಹತ್ತೂವರೆಗೆ. ಅಷ್ಟು ಹೊತ್ತು ನಾನು ಒಳಗೆ. ಅಮ್ಮ ಕಿಟಕಿಯ ಸರಳಿನ ಎಡೆಯಲ್ಲಿ ನೀರುದೋಸೆ ಸುರುಳಿ ಸುತ್ತಿ ಕೊಟ್ಟರು. ಚಟ್ನಿ ಬರಲಿಲ್ಲ, ಬಟ್ಟಲು ಸರಳಿಗಿಂತ ಅಗಲ. ಈಗ ಅಲ್ಲಿ ವಿನೈಲ್ ಉಂಟು. ಅದರಲ್ಲೂ ಮರದ್ದೇ ಫೋಟೋ, ಆದರೆ ಕೆಳಗೆ ಪ್ಲಾಸ್ಟಿಕ್, ಉಬ್ಬುವ ಪ್ರಶ್ನೆ ಇಲ್ಲ.

ನಾನು ಜಾರಿ ಬಿದ್ದ ಸುದ್ದಿ ದುಬೈಗೆ ಮುಟ್ಟಿತು. ಅಲ್ಲಿರುವ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ರಜೆಗೆ ಬರುವಾಗ ಚಾವಡಿಯಷ್ಟು ಅಗಲದ ಕಾರ್ಪೆಟ್ ಹೊತ್ತು ತಂದರು. ಹಾಲಿನ ಬಣ್ಣ. ಕಾರ್ಪೆಟಿನಲ್ಲಿ ಎರಡು ಜಾತಿಯಂತೆ. ನೂಲನ್ನು ಬಳೆಯ ಹಾಗೆ ಸುತ್ತಿ ಬಿಟ್ಟರೆ ಲೂಪ್ ಪೈಲ್. ಬೆಕ್ಕಿದ್ದ ಮನೆಗೆ ಅದು ಬೇಡ, ಉಗುರು ಸಿಕ್ಕಿದರೆ ನೂಲು ಎದ್ದು ಬರುತ್ತದೆ. ಬಳೆಯ ತುದಿ ಕತ್ತರಿಸಿದರೆ ಕಟ್ ಪೈಲ್, ಕುರಿಮರಿಯ ಬೆನ್ನಿನ ಹಾಗೆ ಮೆತ್ತಗೆ. ನಮ್ಮದು ಕಟ್ ಪೈಲ್. ನೂಲು ಪಾಲಿಪ್ರೊಪಿಲೀನ್. "ನೀರು ಚೆಲ್ಲಿದರೂ ಹೀರುವುದಿಲ್ಲ ಭಾವ, ಒರೆಸಿದರೆ ಆಯ್ತು" ಅಂದರು. ಎಣ್ಣೆಯ ವಿಷಯ ಹೇಳಲಿಲ್ಲ. ದುಬೈಯಲ್ಲಿ ಹಲಸಿನಕಾಯಿ ಯಾರು ಕೊಯ್ಯುತ್ತಾರೆ?

ಮರುವರ್ಷ ಮೇ ತಿಂಗಳು. ಹಪ್ಪಳಕ್ಕೆಂದು ಅಮ್ಮ ಜಗಲಿಯಲ್ಲಿ ಹಲಸಿನಕಾಯಿ ಕೊಯ್ಯುತ್ತಿದ್ದರು. ಒಂದೇ ಸಲ ಗುಡುಗು, ಗಾಳಿ, ಅಡ್ಡಮಳೆ. ಕಾಯಿ, ಕತ್ತಿ, ಗೋಣಿ, ಸೊಳೆಯ ಬಟ್ಟಲು ಎಲ್ಲವನ್ನೂ ದರದರ ಎಳೆದು ಒಳಗೆ ತಂದೆವು. ಅರ್ಧ ಕಾಯಿಯನ್ನು ನಾನೇ ತಂದಿಟ್ಟದ್ದು. ಮಗುಚಿ ಇಟ್ಟೆ, ಕಾರ್ಪೆಟಿನ ಮೇಲೆ.

ಎತ್ತುವಾಗ ಕಾರ್ಪೆಟೂ ಜೊತೆಗೆ ಎದ್ದಿತು.

ಹಲಸಿನ ಮೇಣ ಗೊತ್ತಲ್ಲ, ಕೈಗೆ ಅಂಟಿದರೆ ಕತ್ತಿಗೆ, ಕತ್ತಿಯಿಂದ ಬಾಗಿಲ ಚಿಲಕಕ್ಕೆ, ಅಲ್ಲಿಂದ ಮನೆಮಂದಿಗೆಲ್ಲ. ಕುರಿಮರಿಯ ಬೆನ್ನಿನಲ್ಲಿ ಒಂದು ಊಟದ ಬಟ್ಟಲಿನಷ್ಟು ಜಾಗ ಜಡೆಗಟ್ಟಿತು. "ತೆಂಗಿನೆಣ್ಣೆ ತಾ" ಅಂದರು ಅಮ್ಮ. ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದು, ಅದರಲ್ಲಿ ಅನುಮಾನ ಇಲ್ಲ. ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸುತ್ತ ಅರ್ಧ ಕುಪ್ಪಿ ಖಾಲಿ ಮಾಡಿದೆವು. ಮೇಣ ಬಿಟ್ಟಿತು. ಎಣ್ಣೆ ಬಿಡಲಿಲ್ಲ. ಈ ಪಾಲಿಪ್ರೊಪಿಲೀನಿಗೆ ನೀರು ಬೇಡ, ಎಣ್ಣೆ ಅಂದರೆ ಪ್ರಾಣ ಅಂತ ಆಮೇಲೆ ತಿಳಿಯಿತು. ಎಣ್ಣೆಗೆ ಕಡಲೆಹಿಟ್ಟು ಹಾಕಿದೆವು. ಕಡಲೆಹಿಟ್ಟಿಗೆ ಇರುವೆ ಬಂದವು, ಕುಂದಾಪುರದ ಹಳೆ ಸಂಸಾರವೇ ಇರಬೇಕು. ಇರುವೆಗೆ ಅರಸಿನ ಹಾಕಿದವರು ಯಾರು ಅಂತ ಈವರೆಗೆ ಯಾರೂ ಒಪ್ಪಿಕೊಂಡಿಲ್ಲ. ಹಾಲಿನ ಬಣ್ಣದ ಮೇಲೆ ಹಳದಿ ಎಷ್ಟು ಚಂದ ಹಿಡಿಯುತ್ತದೆ ಗೊತ್ತಾ?

ಕೊನೆಗೆ ಬಾವಿಕಟ್ಟೆಯ ಬಳಿ ಹಾಕಿ ಸೋಪಿನಲ್ಲಿ ತೊಳೆದೆವು. ಬುದ್ಧಿ ಇದ್ದವರು ಜನವರಿಯಲ್ಲಿ ತೊಳೆಯುತ್ತಾರೆ. ನಾವು ತೊಳೆದದ್ದು ಮೇ ಕೊನೆಗೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು, ಸೆಪ್ಟೆಂಬರಿನ ತನಕ ಕರ್ಚೀಫು ಒಣಗುವುದೇ ಕಷ್ಟ. ಮೇಲಿನ ನೂಲು ಎರಡು ದಿನಕ್ಕೆ ಒಣಗಿತು. ಅಡಿಯ ಸೆಣಬಿನ ಪದರ ಮಾತ್ರ ಕುಡಿದ ನೀರನ್ನು ಹಾಗೇ ಇಟ್ಟುಕೊಂಡಿತು. ನಾಲ್ಕನೇ ದಿನ ಚಾವಡಿಗೆ ಒದ್ದೆ ನಾಯಿಯ ವಾಸನೆ. ನಮ್ಮಲ್ಲಿ ನಾಯಿ ಇಲ್ಲ.

ಈಗ ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಅಮ್ಮನ ಕೋಣೆಯ ಕೆಂಪು ನೆಲದಲ್ಲಿ ಚಾಪೆಯೂ ಇಲ್ಲದೆ ಬಿದ್ದುಕೊಳ್ಳುತ್ತೇವೆ. ಕಾರ್ಪೆಟ್ ಸೌದೆ ಕೊಟ್ಟಿಗೆಯಲ್ಲಿ, ಅದರ ಮೇಲೆ ಬೆಕ್ಕು ಮೂರು ಮರಿ ಹಾಕಿದೆ.

ಮೊನ್ನೆ ಭಾವ ವಿಡಿಯೋ ಕಾಲ್ ಮಾಡಿದರು. "ಕಾರ್ಪೆಟ್ ಹೇಗುಂಟು ಭಾವ? ಸ್ವಲ್ಪ ತೋರಿಸಿ ನೋಡುವ."

ನಾನು ಫೋನನ್ನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿ, "ಜೋಪಾನವಾಗಿ ಎತ್ತಿಟ್ಟಿದ್ದೇವೆ, ಮಳೆಗಾಲ ಅಲ್ವಾ" ಅಂದೆ.

"ಹಾಗಾದರೆ ಬರುವಾಗ ಇನ್ನೊಂದು ತರ್ತೇನೆ, ಗಾಢ ಬಣ್ಣದ್ದು."

ಅಮ್ಮ ಹಿಂದಿನಿಂದ ಬಂದು ಫೋನಿಗೆ ಬಾಯಿ ಹಚ್ಚಿದರು. "ಬೇಡ ಮಾರಾಯ. ಖರ್ಜೂರ ತಾ, ಸಾಕು."