ಪುಟ್ ಆನ್ ಮತ್ತು ನಮ್ಮ ಉಡು, ತೊಡು, ಮುಡಿ

ಮ್ಯಾಂಚೆಸ್ಟರ್‌ಗೆ ಬಂದ ಮೊದಲ ಚಳಿಗಾಲ. ಮಗಳನ್ನು ಕರೆತರಲು ನರ್ಸರಿಗೆ ಹೋಗಿದ್ದೆ. ಟೀಚರ್ ಎದುರಿಗಿದ್ದರಲ್ಲ, ಇಂಗ್ಲಿಷಿನಲ್ಲೇ ‘ವೇರ್ ಯುವರ್ ಕೋಟ್’ ಎಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಟೀಚರ್ ಬಾಗಿ ‘ಪುಟ್ ಯುವರ್ ಕೋಟ್ ಆನ್’ ಎಂದರು. ತಕ್ಷಣ ತೋಳು ತೂರಿಸಿದಳು.

ಇಲ್ಲಿನವರಿಗೆ ಕೋಟು ಹಾಕಿಕೊಳ್ಳುವ ಕೆಲಸ ‘ಪುಟ್ ಆನ್’; ಹಾಕಿಕೊಂಡು ಇರುವುದು ‘ವೇರ್’. ನಮಗೆ ಶಾಲೆಯಲ್ಲಿ ಎರಡಕ್ಕೂ ‘ಧರಿಸು’ ಎಂದೇ ಅರ್ಥ ಬರೆಸಿದ್ದರು. ಮನೆಮಾತಿನಲ್ಲಿ ಹೇಳಿಕೊಟ್ಟಿದ್ದರೆ ಒಂದು ನಿಮಿಷದ ಪಾಠ: ‘ಕೋಟು ಹಾಕ್ಕೋ’ ಅಂದರೆ ಪುಟ್ ಆನ್, ‘ಕೋಟು ಹಾಕ್ಕೊಂಡಿದಾಳೆ’ ಅಂದರೆ ವೇರಿಂಗ್. ‘ಲೈಟ್ ಹಾಕು’ ಎನ್ನುವುದೂ ನೇರವಾಗಿ ‘ಪುಟ್ ದ ಲೈಟ್ ಆನ್’. ನಾವು ಅದನ್ನು ಬಿಟ್ಟು ‘ಆನ್ ದ ಲೈಟ್’ ಎನ್ನುತ್ತೇವೆ. ಇಂಗ್ಲಿಷ್ ಪಾಠ ಆಡುಗನ್ನಡದ ಮೂಲಕವೇ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಲ್ಲ ಅರ್ಥಗಳೂ ಹೀಗೆ ಹೊಂದಿಬರುವುದಿಲ್ಲ. ಟೀಗೆ ಕೆಟಲ್ ಇಡುವುದೂ ಪುಟ್ ಆನ್, ದಪ್ಪಗಾಗುವುದೂ ಅದೇ, ಇಲ್ಲದ ನೋವು ನಟಿಸುವುದೂ ಅದೇ. ಕೋಟಿನ ಜಾಗಕ್ಕೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ಪುಟ್ ಇಟ್ ಆನ್.

ನನ್ನನ್ನು ಕಾಡುವುದು ಬೇರೆ. ಸೀರೆಗೂ ಬಳೆಗೂ ಶಾಲಿಗೂ ಇಂಗ್ಲಿಷಿಗೆ ಪುಟ್ ಆನ್ ಒಂದೇ ಸಾಕು. ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಕುಂಕುಮ ಇಡುತ್ತೇವೆ. ಮೈಗೆ ಸುತ್ತಿದ್ದೋ, ಕೈ ತೂರಿಸಿದ್ದೋ, ಜಡೆಗೆ ಸಿಕ್ಕಿಸಿದ್ದೋ ಎಂಬುದು ಆ ಪದದಲ್ಲೇ ತಿಳಿಯುತ್ತದೆ. ಈಗ ಮಕ್ಕಳ ಬಾಯಲ್ಲಿ ಎಲ್ಲಕ್ಕೂ ‘ಹಾಕ್ಕೋ’. ‘ಅಮ್ಮಾ, ಸೀರೆ ಹಾಕ್ಕೊಂಡ್ಯಾ?’ ಎಂದು ಬೆಂಗಳೂರಿನ ನೆಂಟರ ಮಕ್ಕಳೂ ಕೇಳುತ್ತಾರೆ, ಹಾಗಾಗಿ ಪರದೇಶವನ್ನಷ್ಟೇ ದೂರುವಂತಿಲ್ಲ. ಆದರೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಉಡು, ಮುಡಿ ಎನ್ನುವವು ಹಬ್ಬದ ಶುಭಾಶಯ ಪತ್ರಕ್ಕೆ ಮೀಸಲಾದ ಪದಗಳಲ್ಲ, ದಿನಾ ಬೆಳಿಗ್ಗೆ ಬಾಯಲ್ಲಿ ಬರಬೇಕಾದವು.

ಮಗಳನ್ನು ನಾವು ತಿದ್ದುವುದಿಲ್ಲ. ಅವಳೆದುರು ಆ ಪದಗಳನ್ನು ಬಿಡದೆ ಆಡುತ್ತೇವೆ, ಅಷ್ಟೆ. ವಿಡಿಯೋ ಕಾಲಿನಲ್ಲಿ ಅಜ್ಜಿಯೂ ‘ಹೂ ಮುಡ್ಕೊಂಡಿಲ್ವೇನೇ ಪುಟ್ಟಿ?’ ಎಂದು ಕೇಳುತ್ತಿರುತ್ತಾರೆ. ಮೊನ್ನೆ ಶಾಲೆಗೆ ಹೊರಟವಳು ಬಾಗಿಲಲ್ಲಿ ಕೈಗವಸು ಹಿಡಿದು ನಿಂತಳು.

‘ಅಪ್ಪಾ, ಇದು ಉಟ್ಕೊಳ್ಳೋದಾ, ತೊಟ್ಕೊಳ್ಳೋದಾ?’

‘ತೊಟ್ಕೊಳ್ಳೋದು ಕಂದಾ.’

ಒಂದೊಂದೇ ಬೆರಳು ತೂರಿಸುತ್ತಾ, ‘ತೊಟ್ಕೊಂಡೆ’ ಎಂದಳು.