ಕೂಲರ್, ಕಿಟಕಿ ಮತ್ತು ಕಟಕ ರೊಟ್ಟಿ

ಏಪ್ರಿಲ್‌ನಲ್ಲಿ ರಾಯಚೂರಿನ ಬಾಡಿಗೆ ರೂಮಲ್ಲಿ ಪರೀಕ್ಷೆಗೆ ಓದೋದು ಅಂದ್ರೆ ಅರ್ಧ ಓದು, ಅರ್ಧ ಜಗಳ. ಹಗಲು 40 ಡಿಗ್ರಿ ದಾಟುತ್ತದೆ. ಸಂಜೆ ತಂಪಾಗಬಹುದು ಅಂತ ಕಾದರೆ, ಹಗಲಿಡೀ ಬಿಸಿಲು ಕುಡಿದ ಆರ್‌ಸಿಸಿ ಚಾವಣಿ ರಾತ್ರಿ ಅದನ್ನೆಲ್ಲ ನಮ್ಮ ಮೇಲೆ ಕಕ್ಕುತ್ತದೆ.

ರೂಮಿನಲ್ಲಿ ಮೂವರು. ಅಸಲಿ ಹೆಸರಿಗೆ ಕೆಲಸವೇ ಇರಲಿಲ್ಲ, ಊರೇ ಹೆಸರು. ಸಿಂಧನೂರು, ಶಿರಸಿ, ಮತ್ತೆ ಕುಷ್ಟಗಿ, ಅಂದರೆ ನಾನು. ದುಡ್ಡು ಕೂಡಿಸಿ ಒಂದು ಹಳೇ ಕೂಲರ್ ತಂದೆವು, ನೆಮ್ಮದಿ ಹೋಗಿದ್ದು ಅಲ್ಲಿಂದಲೇ.

ಶಿರಸಿಗೆ ಕತ್ತಲಾದರೆ ಕಿಟಕಿ ಮುಚ್ಚಲೇಬೇಕು. ಮಳೆ, ಹುಳ, ಹಾವು ಅಂತ ಹುಟ್ಟಿದಾಗಿನಿಂದ ರೂಢಿ. ರಾಯಚೂರಲ್ಲಿ ಎಲ್ಲಿಯ ಮಳೆ ಮಾರಾಯ ಅಂದರೆ, 'ಏಸಿ ಹಾಕಿದಾಗ ಮುಚ್ತಾರಲ್ವಾ?' ಅನ್ನುತ್ತಿದ್ದ. ಕೂಲರ್ ಏಸಿ ಅಲ್ಲ. ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಹಾದಾಗ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ, ರೂಮು ಮುಚ್ಚಿದರೆ ಆ ಆವಿ ಹೊರಗೆ ಹೋಗಲಾರದೆ ತೇವ ಏರುತ್ತದೆ, ಆಮೇಲೆ ಬರೋದು ಬರೀ ಜಿಗುಟು ಗಾಳಿ. ಇದನ್ನ ಚಿತ್ರ ಬರೆದು ತೋರಿಸಿದರೂ ಅವನು ಒಪ್ಪಲಿಲ್ಲ.

ಒಪ್ಪಿಸಿದ್ದು ರೊಟ್ಟಿ. ಸಿಂಧನೂರಿನ ಅವ್ವ ಕಟ್ಟಿ ಕಳಿಸಿದ್ದ ಕಟಕ ರೊಟ್ಟಿ, ತಿಂಗಳಾದರೂ ಕಟಕಟ ಅನ್ನಬೇಕಾದ್ದು, ಬೆಳಗ್ಗೆ ಎತ್ತಿದರೆ ಕರ್ಚೀಫಿನ ಹಾಗೆ ಮಡಚಿಕೊಂಡಿತು. 'ಏನಲೇ ಇದು, ನಮ್ಮವ್ವನ ರೊಟ್ಟಿ ಹಾಳು ಮಾಡಿದಿಯಲ್ಲೋ!' ಅಂತ ಅವನು ಕೂಗಿದ ಮೇಲೆ ಕಿಟಕಿ ತೆರೆಯಿತು. ಸೊಳ್ಳೆಗಳೂ ಬಂದವು, ಆ ಮಾತು ಬೇಡ.

ಕಾಲೇಜಿನಲ್ಲಿ ಒಬ್ಬ ಸರ್ 'ಮನಸ್ಸು ಚೆನ್ನಾಗಿರಬೇಕಾದರೆ ಚೆನ್ನಾಗಿ ನಿದ್ದೆ ಮಾಡಿ' ಅಂದರು. ನಿದ್ದೆ ಹತ್ತಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕಂತೆ. ನಮ್ಮ ಮೈ ಇಳಿಸಲು ರೆಡಿ ಇತ್ತು ಸರ್, ರೂಮು ಬಿಡಬೇಕಲ್ಲ!

ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟೇ ಹೋಯಿತು. ಊರ ಪಕ್ಕ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ, ಇಲ್ಲಿ ಒಂದು ಕೂಲರ್ ತಿರುಗಿಸಲು ಗತಿಯಿಲ್ಲ. ಚಾಪೆ ಹಿಡಿದು ಮೂವರೂ ಮಾಳಿಗೆ ಹತ್ತಿದರೆ ಓನರ್ ಮನೆಮಂದಿಯೆಲ್ಲ ಮೊದಲೇ ಸಾಲಾಗಿ ಮಲಗಿದ್ದರು. ಓನರ್ ಕಣ್ಣು ಕೂಡ ಬಿಡದೆ ಅಂದರು: 'ಮಾಳಿಗಿಗೆ ಬಾಡಿಗಿ ಬ್ಯಾರೆ ಐತಿ ನೋಡ್ರಪ.'